ಸಪ್ತರ್ಷಿಗಳಲ್ಲಿ ಒಂದೇ ಬಳಗದವರು ಐವರು

ಏಪ್ರಿಲ್-ಮೇ ತಿಂಗಳ ರಾತ್ರಿ ಒಂಬತ್ತರ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿ ನಿಂತರೆ ಸಪ್ತರ್ಷಿ ಮಂಡಲ ಸುಲಭವಾಗಿ ಸಿಗುತ್ತದೆ. ಚೌಕದ ಎಡ ಅಂಚಿನಲ್ಲಿ ಕ್ರತು, ಪುಲಹ. ಬಲಕ್ಕೆ ಪುಲಸ್ತ್ಯ, ಅತ್ರಿ. ಬಾಲದಲ್ಲಿ ಅಂಗಿರಸ, ವಸಿಷ್ಠ, ಮರೀಚಿ. ಏಳರಲ್ಲಿ ಅತ್ರಿಯೇ ಮಂಕು. ಪುಲಹದಿಂದ ಕ್ರತುವಿಗೆ ಎಳೆದ ಗೆರೆಯನ್ನು ಅದರ ಐದರಷ್ಟು ಮುಂದುವರಿಸಿದರೆ ಧ್ರುವ. ಬೆಂಗಳೂರಿನಲ್ಲಿ ಅದು ದಿಗಂತದಿಂದ ಬರೀ 13 ಡಿಗ್ರಿ ಮೇಲಿರುವುದರಿಂದ ಎದುರಿನ ಕಟ್ಟಡವೊಂದೇ ಸಾಕು, ಮರೆಯಾಗಲು.

ಈ ಏಳೂ ನಿಜಕ್ಕೂ ಒಟ್ಟಿಗಿವೆಯೇ? ಋಷಿಗಳು ಒಂದೊಂದು ನಕ್ಷತ್ರದಲ್ಲಿ ನೂರು ವರ್ಷ ಇರುತ್ತಾರೆ ಎಂದು ವರಾಹಮಿಹಿರ ಬರೆದದ್ದು ಕಾಲಗಣನೆಯ ಲೆಕ್ಕ. ಆಗಸದಲ್ಲಿ ಏಳೂ ಹಾಗೆ ಸಾಗುವುದಿಲ್ಲ. ನಕ್ಷತ್ರಗಳಿಗೆ ಸ್ವಂತ ಚಲನೆ ಇದೆ ಎಂದು 1718ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಹ್ಯಾಲಿ ತೋರಿಸಿದ. 1869ರಲ್ಲಿ ರಿಚರ್ಡ್ ಪ್ರಾಕ್ಟರ್ ಆ ಚಲನೆಗಳನ್ನು ನಕ್ಷೆಯ ಮೇಲೆ ಬಾಣದ ಗುರುತುಗಳಾಗಿ ಬರೆದಾಗ ನಡುವಿನ ಐದರ ಬಾಣಗಳು ಒಂದೇ ಕಡೆಗೆ ತಿರುಗಿದ್ದವು; ಎರಡು ತುದಿಯ ಕ್ರತು, ಮರೀಚಿ ಮಾತ್ರ ಎದುರು ದಿಕ್ಕಿಗೆ. 1872ರಲ್ಲಿ ವಿಲಿಯಂ ಹಗ್ಗಿನ್ಸ್ ರೋಹಿತ (ಬಣ್ಣಗಳಾಗಿ ಬಿಡಿಸಿದ ಬೆಳಕು) ನೋಡಿ, ಅದರ ಗೆರೆಗಳ ಸರಿತದಿಂದ ಐದಕ್ಕೂ ಸಮಾನ ವೇಗವೆಂದು ಬೆಂಬಲಿಸಿದ, ಆದರೆ ಅವು ನಮ್ಮಿಂದ ದೂರ ಹೋಗುತ್ತಿವೆ ಎಂದ. ಈಗಿನ ಅಳತೆಯಲ್ಲಿ ಅವು ಸೆಕೆಂಡಿಗೆ ಸುಮಾರು 10 ಕಿ.ಮೀ. ವೇಗದಲ್ಲಿ ಹತ್ತಿರ ಬರುತ್ತಿವೆ. ಫೋಟೋ ಇಲ್ಲದೆ ಕಣ್ಣಳತೆಯಲ್ಲೇ ರೋಹಿತದ ಗೆರೆ ಅಳೆದರೆ ಆಗುವ ಎಡವಟ್ಟು ಇದು. ಅಳತೆ ನೆಟ್ಟಗಾದದ್ದು ಫೋಟೋ ತಟ್ಟೆ ಬಂದ ಮೇಲೆ.

ದೂರದ ಪ್ರಶ್ನೆಯನ್ನು ಬಗೆಹರಿಸಿದ್ದು ನಕ್ಷತ್ರಗಳ ದೂರ ಅಳೆದ ಹಿಪ್ಪಾರ್ಕೋಸ್ ಉಪಗ್ರಹ. ಐದೂ 80 ಜ್ಯೋತಿರ್ವರ್ಷದ ಆಸುಪಾಸಿನಲ್ಲಿವೆ. ಮರೀಚಿ 104, ಕ್ರತು ಸುಮಾರು 123. ಕ್ರತು ಕಿತ್ತಳೆ ಬಣ್ಣದ ದೈತ್ಯ, ಉಳಿದವು ಬಿಳಿ ಅಥವಾ ನೀಲಿ ಛಾಯೆಯವು.

ಎಲ್ಲಕ್ಕಿಂತ ಸ್ವಾರಸ್ಯವಿರುವುದು ವಸಿಷ್ಠನಲ್ಲಿ. ಪಕ್ಕದ ಅರುಂಧತಿ 12 ಕಲೆಯಷ್ಟು (ಒಂದು ಕಲೆ ಅಂದರೆ ಡಿಗ್ರಿಯ 60ನೇ ಒಂದು ಭಾಗ) ದೂರ, ಕಾಂತಿಮಾನ (ಹೊಳಪಿನ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಮಂಕು) 4; ಮದುವೆಯಲ್ಲಿ ಹಗಲಲ್ಲೇ ತೋರಿಸುವುದು ಶಾಸ್ತ್ರಕ್ಕಷ್ಟೇ. ಊರಿನ ಬೆಳಕಿನಲ್ಲಿ ಕಾಣದಿದ್ದರೆ ಬೈನಾಕ್ಯುಲರ್ ಸಾಕು. ಆದರೆ ವಸಿಷ್ಠನೇ ಎರಡಾಗಿ ಒಡೆಯುವುದನ್ನು ನೋಡಲು 60 ಮಿ.ಮೀ. ದೂರದರ್ಶಕಕ್ಕೆ ಸುಮಾರು 50 ಪಟ್ಟು ವರ್ಧನೆ ಬೇಕು, ಅಂತರ 14 ವಿಕಲೆ (ಕಲೆಯ 60ನೇ ಒಂದು ಭಾಗ) ಮಾತ್ರ. 1617ರಲ್ಲೇ ಗೆಲಿಲಿಯೋನ ಶಿಷ್ಯ ಕಾಸ್ಟೆಲ್ಲಿ ಅದನ್ನು ಗೆಲಿಲಿಯೋನ ಗಮನಕ್ಕೆ ತಂದಿದ್ದ. ಆ ಜೋಡಿಯಲ್ಲಿ ಹೆಚ್ಚು ಬೆಳಗುವುದೂ ಒಂದನ್ನೊಂದು ಸುತ್ತುವ ಎರಡು ನಕ್ಷತ್ರ ಎಂಬುದು 1889ರಲ್ಲಿ ಹಾರ್ವರ್ಡಿನ ಪಿಕರಿಂಗ್‌ಗೆ ಗೊತ್ತಾಯಿತು: ರೋಹಿತದ ಗೆರೆ ಕೆಲವು ದಿನ ಒಂದು, ಕೆಲವು ದಿನ ಎರಡು. ಅವನು ಮೊದಲು ಲೆಕ್ಕ ಹಾಕಿದ ಸುತ್ತಿನ ಅವಧಿ 104 ದಿನ, ಸರಿಯಾದದ್ದು 20.5. ಮಂಕು ಸಂಗಾತಿಯೂ ಜೋಡಿಯೇ ಎಂದು 1908ರಲ್ಲಿ ತಿಳಿಯಿತು. 2009ರಲ್ಲಿ ಅರುಂಧತಿಯ ಪಕ್ಕ ಪುಟ್ಟ ಕೆಂಪು ಕುಬ್ಜ ನಕ್ಷತ್ರವೊಂದು ಸಿಕ್ಕಿ, ವಸಿಷ್ಠ-ಅರುಂಧತಿಯರ ಒಟ್ಟು ಲೆಕ್ಕ ಆರಕ್ಕೆ ಏರಿತು.