ಟಿಪ್ಪರೇರಿ ಒಂದೇ ಕೌಂಟಿ ಅಂದಮೇಲೆ ನಾರ್ತ್, ಸೌತ್ ಅಂತ ಯಾಕೆ?

ಪ್ರಶ್ನೆ: ಐರ್ಲೆಂಡಿನ ಟಿಪ್ಪರೇರಿಗೆ ಈಗ ಇರುವುದು ಒಂದೇ ಕೌಂಟಿ ಕೌನ್ಸಿಲ್ (ನಮ್ಮ ಜಿಲ್ಲಾ ಪಂಚಾಯಿತಿಯಂಥದ್ದು). ಆದರೂ ಅಲ್ಲಿನವರು ನಾರ್ತ್ ಟಿಪ್, ಸೌತ್ ಟಿಪ್ ಎನ್ನುವುದನ್ನು ಬಿಟ್ಟಿಲ್ಲ. ಹಳೆ ಕಾರುಗಳ ನಂಬರ್ ಪ್ಲೇಟಿನಲ್ಲೂ ಟಿಎನ್, ಟಿಎಸ್ ಎಂದು ಎರಡು ಬಗೆ. ಕಾರಣ ಏನು?

ಉತ್ತರ: ಒಂದಾಗಿದ್ದು ಕೌನ್ಸಿಲ್ ಮಾತ್ರ. ಆಸ್ಪತ್ರೆ, ಮತಕ್ಷೇತ್ರ, ಪೇಟೆಗೆ ಹೋಗುವ ದಾರಿ ಇವತ್ತಿಗೂ ಬೇರೆ ಬೇರೆಯೇ.

ಕೌಂಟಿಯನ್ನು ಎರಡು ರೈಡಿಂಗ್‌ಗಳಾಗಿ, ಅಂದರೆ ನಾರ್ತ್, ಸೌತ್ ಎಂಬ ಆಡಳಿತ ಭಾಗಗಳಾಗಿ, ಒಡೆದಿದ್ದು 1838ರಲ್ಲಿ, ನ್ಯಾಯಾಲಯದ ಅನುಕೂಲಕ್ಕಾಗಿ. ದೊಡ್ಡ ಕೋರ್ಟು ಇದ್ದ ಕ್ಲಾನ್‌ಮೆಲ್ ದಕ್ಷಿಣದ ಅಂಚಿನ ಊರು. ಉತ್ತರದವರಿಗೆ ಸಾಕ್ಷಿ ಹೇಳಿ ಬರುವುದೇ ಒಂದು ಪ್ರಯಾಣ. ಹಾಗಾಗಿ ಉತ್ತರದ ನೀನಾ ಊರಿಗೆ ಸ್ವಂತ ಕೋರ್ಟು, ಜೈಲು ಬಂದವು. 1899ರಲ್ಲಿ ಕೌಂಟಿ ಕೌನ್ಸಿಲ್‌ಗಳು ಶುರುವಾದಾಗ ಎರಡು ರೈಡಿಂಗ್‌ಗಳಿಗೂ ಒಂದೊಂದು ಸಿಕ್ಕಿತು. 2014ರ ಜೂನ್‌ನಲ್ಲಿ ಎರಡನ್ನೂ ಸೇರಿಸಿ 40 ಸದಸ್ಯರ ಒಂದೇ ಕೌನ್ಸಿಲ್ ಮಾಡಿದರು. ಕಚೇರಿಗಳನ್ನು ಮಾತ್ರ ನೀನಾದಲ್ಲೂ ಕ್ಲಾನ್‌ಮೆಲ್‌ನಲ್ಲೂ ಉಳಿಸಿಕೊಂಡರು. ಜಾಣತನವೇ ಸರಿ.

ನಂಬರ್ ಪ್ಲೇಟಿನ ಎರಡು ಗುರುತುಗಳು 1987ರಿಂದ 2013ರವರೆಗಿನವು. 131-ಟಿಎನ್ ಎಂದಿದ್ದರೆ 2013ರ ಮೊದಲರ್ಧದ, ಉತ್ತರದ ನೋಂದಣಿ. 2014ರಿಂದ ಇಡೀ ಕೌಂಟಿಗೆ ಬರೀ ಟಿ.

ನೀನಾದವರಿಗೆ ದೊಡ್ಡ ಪೇಟೆ ಅಂದರೆ ಎಂ7 ಹೆದ್ದಾರಿಯಲ್ಲಿ ಸಿಗುವ ಲಿಮರಿಕ್. ಕ್ಲಾನ್‌ಮೆಲ್, ಕ್ಯಾರಿಕ್-ಆನ್-ಶೂರ್ ಕಡೆಯವರದು ವಾಟರ್‌ಫರ್ಡ್ ದಿಕ್ಕು. ಸರ್ಕಾರಿ ಆರೋಗ್ಯ ಸೇವೆಯೂ ಹೀಗೇ ಹಂಚಿಕೊಂಡಿದೆ: ಉತ್ತರ ಭಾಗ ಲಿಮರಿಕ್, ಕ್ಲೇರ್ ಜೊತೆ, ದಕ್ಷಿಣ ಭಾಗ ಆಗ್ನೇಯದ ಕೌಂಟಿಗಳ ಜೊತೆ. ಸಂಸತ್ತಿಗೆ 2016ರಲ್ಲಿ ಒಂದೇ ಕ್ಷೇತ್ರ ಮಾಡಿ ನೋಡಿದರು. 2024ರ ಚುನಾವಣೆಗೆ ಮತ್ತೆ ಎರಡಾಯಿತು, ತಲಾ 3 ಸ್ಥಾನ.

ಇನ್ನು ಆಟ. ಗೇಲಿಕ್ ಆಟಗಳ ಸಂಸ್ಥೆ ಜಿಎಎ 1884ರ ನವೆಂಬರ್ 1ರಂದು ಹುಟ್ಟಿದ್ದು ಇದೇ ಕೌಂಟಿಯ ಥರ್ಲಿಸ್‌ನಲ್ಲಿ. ಅದು ರೈಡಿಂಗ್ ಲೆಕ್ಕಕ್ಕೆ ಸೊಪ್ಪು ಹಾಕಲೇ ಇಲ್ಲ. ಕೌಂಟಿ ತಂಡ ಒಂದೇ, ನೀಲಿ-ಬಂಗಾರದ ಜರ್ಸಿ. ಒಳಗೆ ಮಾತ್ರ ನಾಲ್ಕು ವಿಭಾಗ: ನಾರ್ತ್, ಮಿಡ್, ಸೌತ್, ವೆಸ್ಟ್. ಹೊಸಬರು ಎಡವುವುದು ಇಲ್ಲೇ. ಥರ್ಲಿಸ್ ಆಡಳಿತದಲ್ಲಿ ನಾರ್ತ್ ರೈಡಿಂಗ್‌ಗೆ ಸೇರಿತ್ತು, ಆಟದಲ್ಲಿ ಮಿಡ್. ಕ್ಯಾಶಲ್ ಸೌತ್ ರೈಡಿಂಗ್‌ನ ಊರು, ಅಲ್ಲಿನ ಕ್ಲಬ್ ಆಡುವುದು ವೆಸ್ಟ್‌ನಲ್ಲಿ. ನಾರ್ತ್, ಮಿಡ್ ಹರ್ಲಿಂಗ್‌ನ (ಕೋಲು-ಚೆಂಡಿನ ಗೇಲಿಕ್ ಆಟ) ನೆಲ. ಗೇಲಿಕ್ ಫುಟ್‌ಬಾಲ್‌ಗೆ ಒಲವು ಹೆಚ್ಚು ದಕ್ಷಿಣದಲ್ಲಿ. 1920ರ ನವೆಂಬರ್ 21ರಂದು ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ಆಡುತ್ತಿದ್ದಾಗಲೇ ಗುಂಡಿಗೆ ಬಲಿಯಾದ ಫುಟ್‌ಬಾಲ್ ಆಟಗಾರ ಮೈಕಲ್ ಹೋಗನ್ ದಕ್ಷಿಣದ ಗ್ರೇಂಜ್‌ಮಾಕ್ಲರ್‌ನವರು. ನೂರು ವರ್ಷದ ಮೇಲೊಂದು ದಿನಕ್ಕೆ ಟಿಪ್ಪರೇರಿ ಅಂದಿನ ಬಿಳಿ-ಹಸಿರು ಜರ್ಸಿ ತೊಟ್ಟು ಕಾರ್ಕ್ ತಂಡವನ್ನು ಸೋಲಿಸಿತು. 1935ರ ನಂತರ ಮೊದಲ ಮನ್‌ಸ್ಟರ್ (ಐರ್ಲೆಂಡಿನ ದಕ್ಷಿಣ ಪ್ರಾಂತ್ಯ) ಫುಟ್‌ಬಾಲ್ ಪ್ರಶಸ್ತಿ ಅದು. ಆ ದಿನ ನಾರ್ತ್-ಸೌತ್ ಎಂದವರು ಯಾರೂ ಇರಲಿಕ್ಕಿಲ್ಲ.

ಕೊನೆಗೊಂದು ಎಚ್ಚರಿಕೆ: ಟಿಪ್ಪರೇರಿ ಹೆಸರಿನ ಊರೂ ಒಂದಿದೆ, ಪಶ್ಚಿಮಕ್ಕೆ. ಅದು ಕೌಂಟಿಯ ಕೇಂದ್ರವಲ್ಲ. ವಿಳಾಸದಲ್ಲಿ ಬರೀ ‘ಟಿಪ್ಪರೇರಿ’ ಎಂದಿದ್ದರೆ ಏರ್‌ಕೋಡ್‌ನ (ಅಲ್ಲಿನ ಪಿನ್‌ಕೋಡ್) ಮೊದಲ ಮೂರು ಅಕ್ಷರ ನೋಡಿ: ಇ34 ಆದರೆ ಆ ಊರಿನ ಸುತ್ತಮುತ್ತ, ಇ45 ನೀನಾ ಕಡೆ, ಇ91 ಕ್ಲಾನ್‌ಮೆಲ್ ಕಡೆ.