ಟೀಚ್-ಬ್ಯಾಕ್: ಪರೀಕ್ಷೆ ಯಾರಿಗೆ? (ಮಕ್ಕಳ ವಿಭಾಗ, ನನ್ನ ಟಿಪ್ಪಣಿ)

ಕುಟುಂಬ ಕೇಂದ್ರಿತ ಆರೈಕೆ ಎಂದರೆ ಮಗುವಿನ ಚಿಕಿತ್ಸೆಯಲ್ಲಿ ಮನೆಯವರನ್ನೂ ಜೊತೆಗೆ ಸೇರಿಸಿಕೊಳ್ಳುವುದು. ಅದರ ನಾಲ್ಕು ಅಂಶಗಳು: ಗೌರವ, ಮಾಹಿತಿ ಹಂಚಿಕೆ, ಭಾಗವಹಿಸುವಿಕೆ, ಸಹಯೋಗ. ಇದು ಎಲ್ಲರಿಗೂ ಬಾಯಿಪಾಠ, ಬಿಡಿ. ಪರೀಕ್ಷೆಯಲ್ಲಿ ಇದರ ಇತಿಹಾಸ ಕೇಳಿದರೆ 1959ರ ಬ್ರಿಟನ್ನಿನ ಪ್ಲಾಟ್ ವರದಿ ಬರೆಯಿರಿ. ಆಸ್ಪತ್ರೆಯಲ್ಲಿರುವ ಮಗುವನ್ನು ನೋಡಲು ತಂದೆತಾಯಿಗೆ ಹೊತ್ತಿನ ಕಟ್ಟುಪಾಡು ಬೇಡ ಎಂದದ್ದು ಅದು.

ನಾನು ಎಡವಿದ್ದು ಟೀಚ್-ಬ್ಯಾಕ್‌ನಲ್ಲಿ. ವೈದ್ಯರು ಹೇಳಿದ್ದನ್ನು ಪೋಷಕರು ತಮ್ಮ ಮಾತಿನಲ್ಲಿ ತಿರುಗಿ ಹೇಳುವುದು, ಅಷ್ಟೇ ತಾನೆ? ರೋಲ್‌ಪ್ಲೇಯಲ್ಲಿ ತಾಯಿಯಾಗಿದ್ದ ಗೆಳತಿಗೆ "ನಾನು ಹೇಳಿದ್ದೇನು, ಹೇಳಿ ನೋಡೋಣ" ಅಂದೆ. ಮಗ್ಗಿ ಮರೆತ ಹುಡುಗಿಯ ಹಾಗೆ ತಲೆ ತಗ್ಗಿಸಿದಳು. ಆಮೇಲೆ ಹೊಳೆಯಿತು: ಪರೀಕ್ಷೆ ತಾಯಿಗಲ್ಲ, ನನ್ನ ವಿವರಣೆಗೆ.

ಲೆಕ್ಕ ಹಾಕಿ ನೋಡಿ. 10 ಕೆಜಿ ಮಗು, ಪ್ಯಾರಾಸಿಟಮಾಲ್ ಕೆಜಿಗೆ 15 ಮಿಗ್ರಾಂ, ಅಂದರೆ ಒಂದು ಸಲಕ್ಕೆ 150 ಮಿಗ್ರಾಂ. 5 ಮಿಲೀಗೆ 250 ಮಿಗ್ರಾಂ ಇರುವ ಸಿರಪ್ಪಾದರೆ 3 ಮಿಲೀ. ಆದರೆ ಮನೆಯಲ್ಲಿರುವುದು 5 ಮಿಲೀಗೆ 120 ಮಿಗ್ರಾಂ ಬಾಟಲಿಯಾದರೆ? ಅದೇ 3 ಮಿಲೀಯಲ್ಲಿ ಬರೀ 72 ಮಿಗ್ರಾಂ, ಅರ್ಧಕ್ಕೂ ಕಡಿಮೆ. ಈ 120ರ ಬಾಟಲಿಯ 6 ಮಿಲೀ ಅಭ್ಯಾಸವನ್ನೇ 250ರ ಬಾಟಲಿಗೂ ಹಿಡಿದರೆ 300 ಮಿಗ್ರಾಂ, ಸರಿಯಾಗಿ ಎರಡರಷ್ಟು! "ಅರ್ಥವಾಯ್ತಾ?" ಅಂತ ಕೇಳಿದ್ದರೆ ಎರಡೂ ಸಲ ಬರುವ ಉತ್ತರ ಒಂದೇ: "ಆಯ್ತು ಡಾಕ್ಟ್ರೇ."

ಕೇಳಬೇಕಾದ್ದು ಹೀಗೆ: "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕಮ್ಮಾ. ಮನೇಲಿ ಯಾವ ಬಾಟಲಿ ಇದೆ? ರಾತ್ರಿ ಜ್ವರ ಬಂದರೆ ಎಷ್ಟು ಕೊಡ್ತೀರಿ, ಈ ಸಿರಿಂಜಿನಲ್ಲಿ ಎಳೆದು ತೋರಿಸಿ." 3ರ ಗೆರೆಗೆ ಎಳೆಯಬೇಕಾದಲ್ಲಿ ಅವರು 5ರ ಗೆರೆಗೆ ಎಳೆದರೆ ನಾನು ಹೇಳಿದ ರೀತಿ ಕೆಟ್ಟಿದೆ. ಬೇರೆ ಥರ ಹೇಳಿ, ಮತ್ತೆ ತೋರಿಸಲು ಕೇಳುವುದು. ಈ ಎರಡನೇ ಸುತ್ತನ್ನೇ ನಾನು ಬಿಟ್ಟುಬಿಡುತ್ತಿದ್ದೆ.

ನೆನಪಿಡಲು ನನ್ನ ಸುಲಭ ಸೂತ್ರ: 'ಹೂಂ' ಅಂದು ಮುಗಿಸಬಹುದಾದ ಪ್ರಶ್ನೆಯಾದರೆ ಅದು ಟೀಚ್-ಬ್ಯಾಕ್ ಅಲ್ಲ.

ಕುಟುಂಬದೊಂದಿಗೆ ರೌಂಡ್ಸ್ (ವೈದ್ಯರ ತಂಡ ಪ್ರತಿ ರೋಗಿಯ ಹಾಸಿಗೆಯ ಬಳಿ ಹೋಗಿ ನೋಡಿ ಚರ್ಚಿಸುವುದು): 2018ರಲ್ಲಿ ಉತ್ತರ ಅಮೆರಿಕದ 7 ಆಸ್ಪತ್ರೆಗಳ ಅಧ್ಯಯನ ಪ್ರಕಟವಾಯಿತು. ರೌಂಡ್ಸ್‌ನಲ್ಲಿ ಪೋಷಕರನ್ನು ಸೇರಿಸಿಕೊಂಡು ಸರಳ ಮಾತಿನಲ್ಲಿ ಚರ್ಚಿಸಿದ ಮೇಲೆ ಮಕ್ಕಳಿಗೆ ಹಾನಿ ಮಾಡುವ ತಪ್ಪುಗಳು ಸುಮಾರು 38% ಇಳಿದವು. ಒಟ್ಟು ತಪ್ಪುಗಳ ಪ್ರಮಾಣ ಇಳಿಯಲಿಲ್ಲ. ಉತ್ತರಪತ್ರಿಕೆಯಲ್ಲಿ ಇವೆರಡನ್ನೂ ಕಲೆಸಬೇಡಿ.

ಕೂಡಿ ನಿರ್ಧರಿಸುವುದೆಂದರೆ "ನೀವೇ ಹೇಳಿ" ಅಂತ ಭಾರವನ್ನೆಲ್ಲ ಪೋಷಕರ ತಲೆಗೆ ಕಟ್ಟುವುದಲ್ಲ. ವೈದ್ಯರು ತಮ್ಮ ಅಭಿಪ್ರಾಯವನ್ನೂ ಹೇಳಬೇಕು.

ಮಗುವಿನ ಹತ್ತಿರ ಮಾತ್ರ ಪ್ರಶ್ನೆಯ ಲೆಕ್ಕ ಬೇರೆ. "ಸೂಜಿ ಹಾಕಿಸ್ಕೊಳ್ತೀಯಾ?" ಅಂತ ಕೇಳಬಾರದು, ಬೇಡ ಅಂದರೂ ಹಾಕಲೇಬೇಕಲ್ಲ, ಅಲ್ಲಿಗೆ ನಂಬಿಕೆ ಹೋಯಿತು. "ಯಾವ ಕೈಗೆ ಹಾಕಲಿ?" ಅಂತ ಕೇಳಬಹುದು.