ಮೋಲ್: ಮಚ್ಚೆ, ಮಣ್ಣು, ರಾಶಿ

ಪಿಯುಸಿ ಕೆಮಿಸ್ಟ್ರಿಯಲ್ಲಿ ‘ಒಂದು ಮೋಲ್ ನೀರು ಅಂದ್ರೆ 18 ಗ್ರಾಂ’ ಅಂತ ಬರೆದುಕೊಂಡಿದ್ದು ನೆನಪಿದೆಯಾ? ಆ ಪದ ಎಲ್ಲಿಂದ ಬಂತು ಅಂತ ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಲೆಕ್ಕವೂ ಚೆನ್ನಾಗಿ ಅರ್ಥವಾಗುತ್ತಿತ್ತು ಅನ್ನಿಸುತ್ತದೆ.

ಇಂಗ್ಲಿಷಿನಲ್ಲಿ ಮೋಲ್ ಅಂದರೆ ಮೈಮೇಲಿನ ಮಚ್ಚೆ. ಇದು ಕಲೆ ಅನ್ನುವ ಅರ್ಥದ ಹಳೆಯ ಇಂಗ್ಲಿಷ್ ಪದದಿಂದ ಬಂದದ್ದು. ನೆಲದಲ್ಲಿ ಸುರಂಗ ಕೊರೆಯುವ ಒಂದು ಪ್ರಾಣಿಯೂ ಮೋಲ್, ಆದರೆ ಅದಕ್ಕೂ ಮಚ್ಚೆಗೂ ನಂಟಿಲ್ಲ. ಅದರ ಇನ್ನೊಂದು ಹಳೆಯ ಹೆಸರು ಮೋಲ್ಡ್‌ವಾರ್ಪ್, ಅಂದರೆ ಮಣ್ಣು ಎಸೆಯುವಂಥದ್ದು. ಎಷ್ಟು ಸರಿಯಾದ ಹೆಸರು! ನಮ್ಮ ಕಡೆ ಈ ಪ್ರಾಣಿ ಇಲ್ಲ, ಹಾಗಾಗಿ ಇದನ್ನು ಹೆಗ್ಗಣ ಅಂದುಬಿಡುವುದು ಸುಲಭ, ಆದರೆ ಹೆಗ್ಗಣ ಇಲಿಯ ಬಳಗದ್ದು, ಇದು ಎರೆಹುಳು ತಿಂದು ಬದುಕುವ ಬೇರೆಯೇ ಜೀವಿ. ಮೆಕ್ಸಿಕೋದಲ್ಲಿ ಗೊಜ್ಜಿನಂಥ ಒಂದು ಅಡುಗೆಗೂ ಇದೇ ಸ್ಪೆಲಿಂಗ್, ಉಚ್ಚಾರ ಮಾತ್ರ ‘ಮೋಲೆ’. ಅದು ಅಲ್ಲಿನ ನಾವಾಟಲ್ ಭಾಷೆಯ ಪದ. ಬೆಣ್ಣೆಹಣ್ಣಿನ ಗೊಜ್ಜಾದ ಗ್ವಾಕಮೋಲೆಯ ಕೊನೆಯಲ್ಲಿರುವುದೂ ಅದೇ.

ಕೆಮಿಸ್ಟ್ರಿಯ ಮೋಲ್ ಇವರ್ಯಾರ ಮನೆಯದೂ ಅಲ್ಲ. ಲ್ಯಾಟಿನ್‌ನಲ್ಲಿ ‘ಮೋಲೆಸ್’ ಅಂದರೆ ದೊಡ್ಡ ರಾಶಿ. ಅಲೆ ತಡೆಯಲು ಬಂದರಿನಲ್ಲಿ ಕಟ್ಟುವ ಭಾರೀ ಕಲ್ಲಿನ ಗೋಡೆಗೆ ಮೋಲ್ ಅನ್ನುವುದು ಅದರಿಂದಲೇ. ಮುಂದೆ ವಿಜ್ಞಾನಿಗಳು ಆ ಪದಕ್ಕೆ ‘ಪುಟ್ಟ’ ಅನ್ನುವ ಬಾಲ ಸೇರಿಸಿ ಮಾಲಿಕ್ಯೂಲ್ ಮಾಡಿದರು. ಪುಟ್ಟ ರಾಶಿ, ಅಂದರೆ ನಮ್ಮ ಅಣು. 1890ರ ದಶಕದಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದ ಕೆಮಿಸ್ಟ್ರಿ ವಿಜ್ಞಾನಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಆ ಬಾಲ ಕತ್ತರಿಸಿ ‘ಮೋಲ್’ ಅಂದರು. ನನಗೆ ಅಚ್ಚರಿಯ ವಿಷಯವೆಂದರೆ, ಆಗ ಅವರು ಪರಮಾಣುಗಳು ನಿಜವಾಗಿ ಇವೆ ಅಂತಲೇ ನಂಬುತ್ತಿರಲಿಲ್ಲ. ಅವರಿಗೆ ಮೋಲ್ ಅಂದರೆ ಗ್ರಾಂನಲ್ಲಿ ತೂಗುವ ಒಂದು ಅಳತೆ, ಅಷ್ಟೇ. ಪ್ರಯೋಗಗಳ ಸಾಕ್ಷಿ ಸಿಕ್ಕಿದ ಮೇಲೆ, 1909ರ ಹೊತ್ತಿಗೆ, ಒಪ್ಪಿಕೊಂಡರು. ಅದೇ ವರ್ಷ ಫ್ರಾನ್ಸ್‌ನ ವಿಜ್ಞಾನಿ ಜೀನ್ ಪೆರಾನ್ ಒಂದು ಮೋಲ್‌ನಲ್ಲಿರುವ ಕಣಗಳ ಲೆಕ್ಕಕ್ಕೆ ಇಟಲಿಯ ಹಳೆಯ ವಿಜ್ಞಾನಿ ಅವೊಗಾಡ್ರೊ ಅವರ ಹೆಸರಿಟ್ಟರು.

2019ರ ಮೇ 20ರಿಂದ ಮೋಲ್‌ಗೆ ತೂಕದ ಹಂಗೂ ಇಲ್ಲ. ಸರಿಯಾಗಿ 6.02214076 × 10²³ ಕಣ ಇದ್ದರೆ ಅದು ಒಂದು ಮೋಲ್, ಡಜನ್ ಅಂದರೆ 12 ಅನ್ನುವ ಹಾಗೆ. ಬಾಲ ಹೋದ ಪದ ಮತ್ತೆ ರಾಶಿಯೇ ಆಯಿತು, ಅಲ್ವಾ? ಅಡುಗೆಮನೆಯ ದೊಡ್ಡ ಚಮಚಕ್ಕಿಂತ ಸ್ವಲ್ಪ ಜಾಸ್ತಿ ನೀರು ತೆಗೆದುಕೊಳ್ಳಿ. ಅಷ್ಟರಲ್ಲೇ ಆರರ ಮುಂದೆ 23 ಸೊನ್ನೆ ಹಾಕಿದಷ್ಟು ಪುಟ್ಟ ರಾಶಿಗಳಿವೆ.